ವಿಕ್ಟೋರಿಯಾ ಜಲಪಾತ ಮತ್ತು ಸಫಾರಿ: ಹತ್ತು ರಾತ್ರಿಗಳನ್ನು ಹೇಗೆ ಹಂಚಿಕೊಳ್ಳಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತದೆ. ಜಾಂಬಿಯಾ, ಜಿಂಬಾಬ್ವೆಗಳ ಗಡಿಯಲ್ಲಿರುವ ಜಾಂಬೆಜಿ ನದಿಯ ವಿಕ್ಟೋರಿಯಾ ಜಲಪಾತವನ್ನು ಕಣ್ಣಾರೆ ನೋಡಬೇಕು, ಅದರ ಆಸುಪಾಸಿನ ಕಾಡುಗಳಲ್ಲಿ ಒಂದಷ್ಟು ದಿನ ನೆಮ್ಮದಿಯಾಗಿ ಸಫಾರಿ ಮಾಡಬೇಕು ಎನ್ನುವುದು ನಾವಿಬ್ಬರೂ ಬಹುಕಾಲದಿಂದ ಮುಂದೂಡುತ್ತ ಬಂದ ಆಸೆ. ಈ ಸಲ ಹೊರಡುವುದೆಂದು ತೀರ್ಮಾನಿಸಿದ್ದೇವೆ. ನಮ್ಮೊಂದಿಗೆ ನನ್ನ ತಾಯಿಯೂ ಬರುತ್ತಾರೆ. ಅವರಿಗೆ ಎಪ್ಪತ್ತೆರಡು ವರ್ಷ. ಸಮತಟ್ಟಾದ ದಾರಿಯಲ್ಲಿ ಒಂದೆರಡು ಕಿಲೋಮೀಟರ್ ನಡೆಯಬಲ್ಲರು, ಆದರೆ ಮಂಡಿನೋವಿನಿಂದಾಗಿ ಮೆಟ್ಟಿಲು ಹತ್ತಿಳಿಯುವುದು ಕಷ್ಟ.

ಪ್ರವಾಸ ಸಂಸ್ಥೆಯೊಂದು ನಮಗೆ ಕೊಟ್ಟಿರುವ ಯೋಜನೆ ಹೀಗಿದೆ: ನವೆಂಬರ್ ಮೊದಲ ವಾರದಲ್ಲಿ ಹೊರಟು ಜಾಂಬಿಯಾದ ಲಿವಿಂಗ್‌ಸ್ಟನ್‌ನಲ್ಲಿ ಎರಡು ರಾತ್ರಿ, ಜಿಂಬಾಬ್ವೆಯ ವಿಕ್ಟೋರಿಯಾ ಫಾಲ್ಸ್ ಪಟ್ಟಣದಲ್ಲಿ ಎರಡು ರಾತ್ರಿ, ಬೋಟ್ಸ್ವಾನಾದ ಚೋಬೆ ಕಾಡಿನಲ್ಲಿ ಎರಡು, ಅದೇ ದೇಶದ ಒಕವಾಂಗೊ ಜೌಗುನಾಡಿನಲ್ಲಿ ಎರಡು, ಕೊನೆಗೆ ಜಿಂಬಾಬ್ವೆಯ ಹ್ವಾಂಗೆ ಕಾಡಿನಲ್ಲಿ ಎರಡು. ಓದುವಾಗ ಬಹಳ ಆಕರ್ಷಕವಾಗಿ ಕಂಡಿತು. ಆದರೆ ಭೂಪಟವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದಾಗ, ಹತ್ತು ರಾತ್ರಿಗಳಲ್ಲಿ ಐದು ಕಡೆ ಪೆಟ್ಟಿಗೆ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ ಎಂಬುದು ಅರಿವಿಗೆ ಬಂದು ತಾಯಿಯವರ ಬಗ್ಗೆ ಯೋಚನೆಯಾಯಿತು.

ಹಣವನ್ನು ಇದಕ್ಕೆಂದೇ ಕೂಡಿಟ್ಟಿದ್ದೇವೆ, ಆದ್ದರಿಂದ ಅಗ್ಗದ ವಸತಿಯನ್ನು ಹುಡುಕುತ್ತಿಲ್ಲ. ಆದರೆ ಖರ್ಚು ಮಾಡಿದ್ದು ಅನುಭವಕ್ಕೆ ಏನೂ ಸೇರಿಸದಿದ್ದರೆ ಅಂಥ ಕಡೆ ಸುರಿಯಲು ಮನಸ್ಸಿಲ್ಲ. ಯಾವ ತಿಂಗಳು ಸೂಕ್ತ, ನದಿಯ ಯಾವ ದಡದಲ್ಲಿ ತಂಗಬೇಕು, ಯಾವ ಕಾಡನ್ನು ಉಳಿಸಿಕೊಂಡು ಯಾವುದನ್ನು ಬಿಡಬೇಕು, ದುಬಾರಿ ಲಾಡ್ಜ್‌ಗಳಲ್ಲಿ ಕೊಡುವ ಹಣಕ್ಕೆ ನಿಜವಾಗಿ ಸಿಗುವುದೇನು ಎಂಬುದನ್ನು ಹೋಗಿಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಮಸ್ಕಾರ ಮೇಡಂ. ಬೇರೆ ಎಲ್ಲದಕ್ಕಿಂತ ಮೊದಲು ತಿಂಗಳನ್ನು ಇತ್ಯರ್ಥ ಮಾಡಿಕೊಳ್ಳಿ, ಏಕೆಂದರೆ ಈ ಜಲಪಾತ ವರ್ಷವಿಡೀ ಒಂದೇ ಜಲಪಾತವಲ್ಲ. 1,708 ಮೀಟರ್ ಅಗಲ, 108 ಮೀಟರ್ ಎತ್ತರ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅಷ್ಟು ಅಗಲಕ್ಕೂ ನೀರು ಇರುತ್ತದೆಯೇ ಎನ್ನುವುದು ನೀವು ಹೋಗುವ ಕಾಲವನ್ನು ಅವಲಂಬಿಸಿದೆ. ಅಲ್ಲಿ ಮಳೆಗಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ. ಆದರೆ ಅಂಗೋಲಾ ಮತ್ತು ಜಾಂಬಿಯಾದ ವಾಯವ್ಯ ಭಾಗದಲ್ಲಿ ಬಿದ್ದ ಮಳೆಯ ನೀರು ಬರೋಟ್ಸೆ ಎಂಬ ವಿಶಾಲ ಬಯಲಿನಲ್ಲಿ ಹರಡಿ ನಿಂತು ನಿಧಾನವಾಗಿ ಕೆಳಗಿಳಿಯುವುದರಿಂದ, ಮಳೆ ನಿಂತ ಮೇಲೆ ಏಪ್ರಿಲ್ ಸುಮಾರಿಗೆ ನದಿ ತುಂಬಿ ಬರುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ನೀರು ಅತಿ ಕಡಿಮೆ.

ನಿಮಗೆ ಸೂಚಿಸಿರುವುದು ಅದೇ ನವೆಂಬರ್. ಜಲಪಾತದ ಪಶ್ಚಿಮ ತುದಿಯಲ್ಲಿರುವ ಡೆವಿಲ್ಸ್ ಕ್ಯಾಟರ್ಯಾಕ್ಟ್ ಎಂಬ ಭಾಗದ ಅಂಚು ಉಳಿದ ಭಾಗಕ್ಕಿಂತ ತಗ್ಗಿನಲ್ಲಿದೆ. ಆದ್ದರಿಂದ ನೀರು ಇಳಿದಾಗ ಉಳಿದದ್ದು ಹೆಚ್ಚಾಗಿ ಅತ್ತಲೇ, ಅಂದರೆ ಜಿಂಬಾಬ್ವೆಯ ಕಡೆಗೇ ಹರಿಯುತ್ತದೆ. ಜಾಂಬಿಯಾ ಕಡೆಯ ಈಸ್ಟರ್ನ್ ಕ್ಯಾಟರ್ಯಾಕ್ಟ್‌ನಲ್ಲಿ ಆಗ ಬಹುಮಟ್ಟಿಗೆ ಬರಿಯ ಕಪ್ಪು ಬಂಡೆಯ ಗೋಡೆ ಕಾಣುತ್ತದೆ. ನವೆಂಬರ್‌ನಲ್ಲಿ ಲಿವಿಂಗ್‌ಸ್ಟನ್‌ನಲ್ಲಿ ಎರಡು ರಾತ್ರಿ ಇರಿಸಿರುವವರು ಇದನ್ನು ನಿಮಗೆ ಹೇಳಬೇಕಾಗಿತ್ತು.

ಹಾಗೆಂದು ನೀರು ತುಂಬಿದಾಗಲೇ ಹೋಗಬೇಕು ಎಂದೂ ಹೇಳಲಾರೆ. ನಾನು ಮೊದಲ ಸಲ ಹೋದದ್ದು ಏಪ್ರಿಲ್‌ನಲ್ಲಿ. ಪಟ್ಟಣ ತಲುಪುವ ಮೊದಲೇ ರಸ್ತೆಯಿಂದ ದೂರದಲ್ಲಿ ಬಿಳಿಯ ಹೊಗೆಯ ಕಂಬಗಳು ಎದ್ದು ನಿಂತಿದ್ದವು. ಸ್ಥಳೀಯರು ಇದನ್ನು ಮೋಸಿ-ಓವಾ-ತುನ್ಯಾ, ಗುಡುಗುವ ಹೊಗೆ, ಎಂದು ಏಕೆ ಕರೆದರೆಂಬುದು ಆ ಕ್ಷಣಕ್ಕೇ ಅರ್ಥವಾಯಿತು. ಆದರೆ ಎದುರಿಗೆ ಹೋಗಿ ನಿಂತಾಗ ಬಹುತೇಕ ನೋಟದ ಕಟ್ಟೆಗಳಿಂದ ಕಂಡದ್ದು ಬಿಳಿಯ ಪರದೆ ಮಾತ್ರ. ಕಮರಿಯ ತಳದಿಂದ ಮೇಲೆದ್ದ ತುಂತುರು ಮಳೆಯಾಗಿ ತಲೆಯ ಮೇಲೆ ಸುರಿಯುತ್ತಿತ್ತು. ಬಾಡಿಗೆಯ ಮಳೆಯಂಗಿಯ ಕತ್ತಿನ ಸಂದಿನಿಂದ ನೀರು ಇಳಿದು ಜೇಬಿನಲ್ಲಿದ್ದ ಪಾಸ್‌ಪೋರ್ಟ್ ನೆನೆಯಿತು. ಗಾಳಿ ಬೀಸಿ ಪರದೆ ಹರಿದಾಗ ಎರಡು ಮೂರು ಕ್ಷಣ ಆ ಅಗಾಧ ನೀರು ಕಂಡು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮರೆಯಲಾಗದ ಅನುಭವವೇನೋ ಹೌದು, ಆದರೆ ಒಮ್ಮೆ ಮಾತ್ರ ಹೋಗುವವರಿಗೆ ಅದೊಂದೇ ಸಾಲದು.

ಇನ್ನೊಂದು ತೊಡಕೆಂದರೆ ಏಪ್ರಿಲ್‌ನಲ್ಲಿ ಕಾಡು ಹಸಿರಾಗಿ ದಟ್ಟವಾಗಿರುತ್ತದೆ, ನೀರು ಎಲ್ಲೆಲ್ಲೂ ಸಿಗುವುದರಿಂದ ಪ್ರಾಣಿಗಳು ಚದುರಿಹೋಗಿರುತ್ತವೆ. ಪ್ರಾಣಿಗಳು ಕೆರೆ, ನದಿಗಳ ಬಳಿ ಗುಂಪುಗೂಡುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಜಲಪಾತದ ತುಂಬು ಹೊಳೆ ಮತ್ತು ಸಫಾರಿಯ ಸುಗ್ಗಿ ಒಂದೇ ತಿಂಗಳಲ್ಲಿ ಬರುವುದೇ ಇಲ್ಲ. ಎರಡೂ ಪೂರ್ತಿಯಾಗಿ ಬೇಕೆಂದರೆ ಎರಡು ಸಲ ಹೋಗಬೇಕು. ಎರಡರಲ್ಲೂ ಸ್ವಲ್ಪ ಬಿಟ್ಟುಕೊಡಲು ಸಿದ್ಧರಿದ್ದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗಿನ ಅವಧಿ ಒಳ್ಳೆಯದು. ಆಗ ಜಲಪಾತದ ಅಗಲಕ್ಕೂ ಇನ್ನೂ ನೀರಿರುತ್ತದೆ, ತುಂತುರು ತಗ್ಗಿರುವುದರಿಂದ ಕಣ್ಣಿಗೂ ಕಾಣುತ್ತದೆ, ಕಾಡು ಒಣಗತೊಡಗಿರುತ್ತದೆ. ಜುಲೈನ ಹುಣ್ಣಿಮೆಯ ಆಸುಪಾಸಿನಲ್ಲಿ ದಿನಾಂಕ ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು. ಹುಣ್ಣಿಮೆಯ ರಾತ್ರಿಗಳಲ್ಲಿ ಜಲಪಾತದ ಉದ್ಯಾನವನ್ನು ವಿಶೇಷವಾಗಿ ತೆರೆಯುತ್ತಾರೆ, ಬೆಳುದಿಂಗಳಿನಲ್ಲಿ ಮೂಡುವ ಕಾಮನಬಿಲ್ಲನ್ನು ಅಲ್ಲಿ ನೋಡಬಹುದು.

ಉತ್ತರ 2

ಮೇಲಿನವರು ತಿಂಗಳಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ನಾನು ಕಾಡುಗಳ ಬಗ್ಗೆ ಬರೆಯುತ್ತೇನೆ.

ಮೊದಲನೆಯದಾಗಿ ಈ ಸಲ ಒಕವಾಂಗೊವನ್ನು ಬಿಟ್ಟುಬಿಡಿ. ಅದು ಕೀಳು ಎಂದಲ್ಲ, ಅದಕ್ಕೆ ಅದರದೇ ಆದ ಪ್ರವಾಸ ಬೇಕು. ಎರಡು ರಾತ್ರಿಗೆ ಅಲ್ಲಿಗೆ ಹೋದರೆ ಹೋಗುವ ಅರ್ಧ ದಿನ, ಬರುವ ಅರ್ಧ ದಿನ ವಿಮಾನ ಕಾಯುವುದರಲ್ಲೇ ಕಳೆಯುತ್ತದೆ. ಹತ್ತು ರಾತ್ರಿಗಳಿಗೆ ಮೂರು ತಂಗುದಾಣಗಳು ಸಾಕು.

ಚೋಬೆ ಮತ್ತು ಹ್ವಾಂಗೆ ಎರಡೂ ಆನೆಗಳ ನಾಡೇ ಆದರೂ ಅವುಗಳ ಸ್ವಭಾವ ಬೇರೆ ಬೇರೆ. ಚೋಬೆಯ ಜೀವಾಳ ಅದರ ನದಿ. ಅಲ್ಲಿನ ಕಸಾನೆ ಪಟ್ಟಣ ವಿಕ್ಟೋರಿಯಾ ಫಾಲ್ಸ್‌ನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ. ಸುಗ್ಗಿಯ ತಿಂಗಳುಗಳಲ್ಲಿ ನದಿತೀರದ ದಾರಿಯಲ್ಲಿ ಜೀಪುಗಳ ಸಾಲು ಕಿರಿಕಿರಿ ಉಂಟುಮಾಡಬಹುದು, ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಸಫಾರಿಗೆ ಅನುಮತಿಯೂ ಇಲ್ಲ. ಆದ್ದರಿಂದ ಅಲ್ಲಿ ಸಂಜೆಯ ಸಮಯವನ್ನು ದೋಣಿಗೆ ಮೀಸಲಿಡಿ. ಐದಾರು ಜನ ಕೂರುವ ಸಣ್ಣ ದೋಣಿಯನ್ನೇ ಕೇಳಿ ಪಡೆಯಿರಿ. ಆನೆಗಳು ಸೊಂಡಿಲನ್ನಷ್ಟೇ ನೀರಿನ ಮೇಲೆತ್ತಿಕೊಂಡು ನದಿಯ ನಡುಗಡ್ಡೆಗೆ ಈಜಿ ಹೋಗುವುದನ್ನು ಅವುಗಳ ಕಣ್ಣಿನ ಮಟ್ಟದಿಂದ ನೋಡಲು ಸಿಗುತ್ತದೆ. ತಾಯಿಯವರಿಗೂ ಜೀಪಿನ ಕುಲುಕಾಟವಿಲ್ಲದೆ ಆರಾಮವಾಗಿರುತ್ತದೆ.

ಹ್ವಾಂಗೆ ಜಿಂಬಾಬ್ವೆಯ ಅತಿ ದೊಡ್ಡ ಉದ್ಯಾನ, 14,600 ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಅಲ್ಲಿ ಸುಮಾರು 45,000 ಆನೆಗಳಿವೆಯೆಂಬ ಅಂದಾಜಿದೆ. ಅಚ್ಚರಿಯೆಂದರೆ ಅಷ್ಟು ದೊಡ್ಡ ಕಾಡಿನಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. 1930ರ ದಶಕದಿಂದ ಕೊಳವೆಬಾವಿಗಳಿಂದ ನೀರೆತ್ತಿ ಹೊಂಡಗಳನ್ನು ತುಂಬಿಸುತ್ತ ಬಂದಿದ್ದಾರೆ, ಮೊದಲು ಡೀಸೆಲ್ ಪಂಪು ಮಾತ್ರ ಇದ್ದಲ್ಲಿ ಈಗ ಹಲವು ಕಡೆ ಸೌರ ಪಂಪು ಬಂದಿದೆ. ನಾನು ಸೆಪ್ಟೆಂಬರ್ ಕೊನೆಯಲ್ಲಿ ಅಂಥ ಒಂದು ಹೊಂಡದ ಬಳಿ ಮೂರು ಗಂಟೆ ಕುಳಿತಿದ್ದೆ. ಹೊಂಡದ ತುಂಬ ನೀರಿದ್ದರೂ ದೊಡ್ಡ ಗಂಡಾನೆಗಳು ಅದನ್ನು ಮೂಸಿಯೂ ನೋಡದೆ ಕೊಳವೆಯ ಬಾಯಿಯ ಬಳಿಯೇ ಒತ್ತಾಗಿ ನಿಂತು, ಆಗಷ್ಟೇ ಮೇಲೆ ಬರುತ್ತಿದ್ದ ತಿಳಿನೀರಿಗೆ ಸೊಂಡಿಲಿಡುತ್ತಿದ್ದವು. ಮರಿಯೊಂದಿಗೆ ಬಂದ ಹೆಣ್ಣಾನೆಯೊಂದು ಅವುಗಳ ನಡುವೆ ನುಗ್ಗಲಾರದೆ ಬದಿಯಲ್ಲಿ ಕಾದು, ಒಂದು ಗಂಡು ತಿರುಗಿದ ಕ್ಷಣದಲ್ಲಿ ಸೊಂಡಿಲು ಚಾಚಿ ನೀರು ಹೀರಿತು. ಪಂಪಿನ ಟುಕುಟುಕು ಸದ್ದು, ಆನೆಗಳ ಹೊಟ್ಟೆಯ ಗುಡುಗುಡು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಮ್ಮದಲ್ಲದೆ ಇನ್ನೊಂದು ವಾಹನವೂ ಇರಲಿಲ್ಲ.

ಐಷಾರಾಮಿ ಸಫಾರಿಯಲ್ಲಿ ನೀವು ಕೊಡುವ ಹಣಕ್ಕೆ ಸಿಗಬೇಕಾದದ್ದು ಇದೇ. ಒಬ್ಬರಿಗೆ ಒಂದು ರಾತ್ರಿಗೆ ನೂರಾರು ಡಾಲರ್, ಕೆಲವು ಕ್ಯಾಂಪುಗಳಲ್ಲಿ ಸಾವಿರಕ್ಕೂ ಮಿಕ್ಕಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಊಟ, ಪಾನೀಯ, ಬೆಳಗಿನ ಮತ್ತು ಸಂಜೆಯ ಸಫಾರಿ, ಬಟ್ಟೆ ಒಗೆಯುವುದು ಎಲ್ಲ ಸೇರಿರುತ್ತದೆ. ಟೆಂಟಿನ ಮುಂದಿನ ಪುಟ್ಟ ಈಜುಕೊಳ, ತಾಮ್ರದ ಸ್ನಾನದ ತೊಟ್ಟಿ ಇವುಗಳಿಗೆ ಮರುಳಾಗಬೇಡಿ. ಕೇಳಬೇಕಾದ ಪ್ರಶ್ನೆಗಳು ಬೇರೆ: ಕ್ಯಾಂಪು ಖಾಸಗಿ ವಲಯದಲ್ಲಿದೆಯೇ, ಒಂದು ವಾಹನದಲ್ಲಿ ಎಷ್ಟು ಜನರನ್ನು ಕೂರಿಸುತ್ತಾರೆ, ರಾತ್ರಿ ಸಫಾರಿ ಉಂಟೇ, ಗೈಡ್ ಯಾರು? ಜಿಂಬಾಬ್ವೆಯಲ್ಲಿ ಪೂರ್ಣ ಪರವಾನಗಿ ಪಡೆದ ಗೈಡ್ ಆಗುವುದಕ್ಕೆ ವರ್ಷಗಟ್ಟಲೆ ಕಲಿಕೆ, ಲಿಖಿತ ಪರೀಕ್ಷೆ, ಬಂದೂಕಿನ ಪರೀಕ್ಷೆ, ಕಾಡಿನಲ್ಲೇ ನಡೆಯುವ ಪ್ರಾಯೋಗಿಕ ಪರೀಕ್ಷೆ ಎಲ್ಲವನ್ನೂ ದಾಟಬೇಕು. ಅಂಥವರ ಜತೆ ಒಂದು ಬೆಳಗ್ಗೆ ಕುಳಿತರೆ, ಮರಳಿನ ಮೇಲಿನ ಹೆಜ್ಜೆಯೊಂದರಿಂದ ಆಫ್ರಿಕಾದ ಸೀಳುನಾಯಿಗಳು ಎತ್ತ ಹೋದವೆಂದು ಓದಿ ಹೇಳುತ್ತಾರೆ. ನೀವು ಮೂವರಿದ್ದೀರಿ, ತಾಯಿಯವರಿಗೆ ದಣಿವಾದರೆ ಬೇಗ ಮರಳಬೇಕಾಗಬಹುದು. ಆದ್ದರಿಂದ ಹೆಚ್ಚುವರಿ ಹಣ ಕೊಟ್ಟಾದರೂ ನಿಮಗೇ ಪ್ರತ್ಯೇಕವಾದ ವಾಹನ ಕೇಳಿ. ದೊಡ್ಡ ಕೋಣೆಗೆ ಕೊಡುವ ಹಣವನ್ನು ಇದಕ್ಕೆ ಕೊಡಿ.

ಉತ್ತರ 3

ಜಾಂಬಿಯಾದ ಪರವಾಗಿಯೂ ಒಂದು ಮಾತು ಬರಬೇಕು. ನೀರಿಲ್ಲದ ನವೆಂಬರ್‌ಗೆ ಹೇಳಿದ ಮಾತನ್ನು ಇಡೀ ವರ್ಷಕ್ಕೆ ಅನ್ವಯಿಸಿ ಆ ದಡವನ್ನು ಕೈಬಿಡುವುದು ಸರಿಯಲ್ಲ. ಜುಲೈನಲ್ಲಿ ಈಸ್ಟರ್ನ್ ಕ್ಯಾಟರ್ಯಾಕ್ಟ್ ಹರಿಯುತ್ತಿರುತ್ತದೆ, ಅಲ್ಲಿ ಜಲಪಾತ ಇನ್ನಷ್ಟು ಹತ್ತಿರವೂ ಹೌದು. ಜಿಂಬಾಬ್ವೆಯ ದಡದಿಂದ ಜಲಪಾತದ ಹೆಚ್ಚಿನ ಭಾಗ ಎದುರಿನಿಂದ ಕಾಣುತ್ತದೆ, ದಾರಿಯೂ ಬಹುಮಟ್ಟಿಗೆ ಸಮತಟ್ಟಾಗಿದೆ. ತುಂತುರಿನಿಂದಲೇ ಬೆಳೆದ ಮಳೆಕಾಡಿನ ನೆರಳಿನಲ್ಲಿ ಕಟ್ಟೆಯಿಂದ ಕಟ್ಟೆಗೆ ನಿಧಾನವಾಗಿ ನಡೆಯಬಹುದು, ಆದ್ದರಿಂದ ತಾಯಿಯವರ ಜತೆ ತಂಗಲು ಆ ಕಡೆಯೇ ಅನುಕೂಲ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಒಂದು ದಿನವನ್ನಾದರೂ ಜಾಂಬಿಯಾಕ್ಕೆ ಕೊಡಿ. ಎರಡು ದೇಶಗಳನ್ನು ಸೇರಿಸುವ 1905ರ ಉಕ್ಕಿನ ಸೇತುವೆಯ ನಡುವೆ ನಿಂತು ಕೆಳಗೆ ನೂರಿಪ್ಪತ್ತು ಮೀಟರಿಗೂ ಹೆಚ್ಚು ಆಳದಲ್ಲಿ ಸುತ್ತಿ ಸುಳಿಯುವ ಜಾಂಬೆಜಿಯನ್ನು ನೋಡಿ. ನೈಫ್ ಎಡ್ಜ್ ಎಂಬ ಕಾಲುಸೇತುವೆಗೆ ನೀವಿಬ್ಬರು ಹೋಗಿ ಬನ್ನಿ. ಅಲ್ಲಿ ಮೆಟ್ಟಿಲುಗಳಿವೆ, ನೆಲ ಒದ್ದೆಯಾಗಿ ಜಾರುತ್ತದೆ, ತಾಯಿಯವರನ್ನು ಕರೆದೊಯ್ಯುವುದು ಬೇಡ.

ಆ ದಡದಲ್ಲೇ ಇರುವ ಮೋಸಿ-ಓವಾ-ತುನ್ಯಾ ರಾಷ್ಟ್ರೀಯ ಉದ್ಯಾನ ಕೇವಲ 66 ಚದರ ಕಿಲೋಮೀಟರಿನದು. ಸಿಂಹಗಳಿಲ್ಲದ ಕಾರಣ ಬಂದೂಕುಧಾರಿ ರಕ್ಷಕರ ಜತೆ ಕಾಲ್ನಡಿಗೆಯಲ್ಲಿ ಹೋಗಿ ಬಿಳಿ ಖಡ್ಗಮೃಗಗಳನ್ನು ನೋಡಬಹುದು. ಖಡ್ಗಮೃಗವೊಂದು ಹುಲ್ಲು ಕಿತ್ತು ಅಗಿಯುವ ಸದ್ದು ಕೇಳುವಷ್ಟು ಹತ್ತಿರದಲ್ಲಿ, ಯಾವ ವಾಹನದ ಆಸರೆಯೂ ಇಲ್ಲದೆ ನಿಂತ ಆ ಹತ್ತು ನಿಮಿಷ ನನ್ನ ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಗಾಢವಾಗಿ ಉಳಿದಿದೆ. ಡೆವಿಲ್ಸ್ ಪೂಲ್ ಬಗ್ಗೆ ಕೇಳಿರುತ್ತೀರಿ. ಜಲಪಾತದ ಅಂಚಿನಲ್ಲೇ ಈಜುವ ಆ ಜಾಗವನ್ನು ನೀರು ಸಾಕಷ್ಟು ಇಳಿದ ಮೇಲೆ, ಆಗಸ್ಟ್ ಮಧ್ಯದ ನಂತರವಷ್ಟೇ ತೆರೆಯುವುದರಿಂದ ಜುಲೈನಲ್ಲಿ ಅದನ್ನು ನಿರೀಕ್ಷಿಸಬೇಡಿ.

ವೀಸಾದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಜಾಂಬಿಯಾ, ಜಿಂಬಾಬ್ವೆ ಎರಡಕ್ಕೂ ಸಲ್ಲುವ ಕಾಜಾ ಯೂನಿವೀಸಾ 50 ಡಾಲರಿಗೆ ಮೂವತ್ತು ದಿನಗಳ ಅವಧಿಗೆ ಸಿಗುತ್ತದೆ. ಎಲ್ಲ ದೇಶಗಳ ಪಾಸ್‌ಪೋರ್ಟಿಗೂ ಅದನ್ನು ಕೊಡುವುದಿಲ್ಲವಾದ್ದರಿಂದ ಮೊದಲು ನಿಮ್ಮ ಅರ್ಹತೆಯನ್ನು ಆಯಾ ದೇಶದ ವಲಸೆ ಇಲಾಖೆಯಲ್ಲಿ ಖಚಿತಪಡಿಸಿಕೊಳ್ಳಿ. ಆ ವೀಸಾದಲ್ಲಿ ಕಜುಂಗುಲಾ ಗಡಿಠಾಣೆಯ ಮೂಲಕ ಬೋಟ್ಸ್ವಾನಾಕ್ಕೆ ಬೆಳಗ್ಗೆ ಹೋಗಿ ಸಂಜೆ ಮರಳಬಹುದು. ಆದರೆ ಬೋಟ್ಸ್ವಾನಾದಲ್ಲಿ ರಾತ್ರಿ ತಂಗಿದರೆ ಅದು ಅಲ್ಲಿಗೆ ಮುಗಿಯುತ್ತದೆ, ಮರಳುವಾಗ ಹೊಸ ವೀಸಾ ಬೇಕು. ಆದ್ದರಿಂದ ಚೋಬೆಯನ್ನು ಪ್ರವಾಸದ ನಡುವೆ ಇಡದೆ ಮೊದಲಿಗೇ ಇಡಿ. ಜೋಹಾನ್ಸ್‌ಬರ್ಗ್‌ನಿಂದ ನೇರವಾಗಿ ಕಸಾನೆಗೆ ವಿಮಾನವಿದೆ. ಬೋಟ್ಸ್ವಾನಾದ ಪ್ರವೇಶಕ್ಕೆ ನಿಮಗೆ ವೀಸಾ ಬೇಕೇ ಎಂಬುದನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ನಿಮ್ಮ ಉತ್ತರಗಳನ್ನು ತಾಯಿಯವರಿಗೆ ಓದಿ ಹೇಳಿದೆ. ಕೊಳವೆಯ ಬಳಿ ಕಾದು ನಿಂತ ಹೆಣ್ಣಾನೆಯ ವಿಷಯವನ್ನು ಎರಡು ಸಲ ಓದಿಸಿದರು, ಹ್ವಾಂಗೆಗೆ ಹೋಗಲೇಬೇಕೆಂದು ಅವರೇ ತೀರ್ಮಾನಿಸಿಬಿಟ್ಟಿದ್ದಾರೆ. ಒಕವಾಂಗೊವನ್ನು ಬಿಟ್ಟಿದ್ದೇವೆ, ತಿಂಗಳನ್ನು ಜುಲೈಗೆ ಬದಲಿಸಿದ್ದೇವೆ. ಇನ್ನುಳಿದ ಚಿಂತೆ ತಾಯಿಯವರದೇ. ಸಫಾರಿ ವಾಹನ ಹತ್ತುವುದು, ಸಣ್ಣ ವಿಮಾನ ಹತ್ತುವುದು ಅವರಿಗೆ ಸಾಧ್ಯವೇ? ಮಲೇರಿಯಾದ ಬಗ್ಗೆ ಏನು ಮಾಡಬೇಕು? ಹೆಲಿಕಾಪ್ಟರ್ ಸವಾರಿ ಅವರಿಗೆ ಒಪ್ಪುವುದೇ?

ಉತ್ತರ 4

ನಾನು ನನ್ನ ಅತ್ತೆಯವರನ್ನು ಅವರ ಎಪ್ಪತ್ತನೆಯ ವಯಸ್ಸಿನಲ್ಲಿ ಇದೇ ಭಾಗಕ್ಕೆ ಕರೆದುಕೊಂಡು ಹೋಗಿದ್ದೆ, ಆದ್ದರಿಂದ ನಿಮ್ಮ ಆತಂಕ ಅರ್ಥವಾಗುತ್ತದೆ. ತೆರೆದ ಸಫಾರಿ ವಾಹನದ ಮೆಟ್ಟಿಲು ಎತ್ತರದಲ್ಲಿರುತ್ತದೆ, ಪಕ್ಕದ ಕಬ್ಬಿಣದ ಹಿಡಿಕೆ ಹಿಡಿದು ಕಾಲೆತ್ತಿ ಹತ್ತಬೇಕು. ಮೊದಲೇ ತಿಳಿಸಿದರೆ ಕ್ಯಾಂಪಿನವರು ಮರದ ಪೆಟ್ಟಿಗೆಯನ್ನೋ ಸಣ್ಣ ಏಣಿಯನ್ನೋ ಸಿದ್ಧವಾಗಿಡುತ್ತಾರೆ. ಚಾಲಕನ ಹಿಂದಿನ ಮೊದಲ ಸಾಲು ತಗ್ಗಿನದು, ಕುಲುಕಾಟವೂ ಕಡಿಮೆ. ಅದನ್ನೇ ತಾಯಿಯವರಿಗೆ ಇರಿಸಿ. ಕಾಯ್ದಿರಿಸುವಾಗ ಊಟದ ಜಾಗಕ್ಕೆ ಅತಿ ಹತ್ತಿರದ, ಮೆಟ್ಟಿಲಿಲ್ಲದ ಟೆಂಟನ್ನು ಲಿಖಿತವಾಗಿ ಕೇಳಿ ಒಪ್ಪಿಗೆ ಪಡೆಯಿರಿ. ಕತ್ತಲಾದ ಮೇಲೆ ಬೇಲಿಯಿಲ್ಲದ ಕ್ಯಾಂಪಿನಲ್ಲಿ ಸಿಬ್ಬಂದಿಯ ಜತೆಯಲ್ಲೇ ನಡೆಯಬೇಕಾಗುವುದರಿಂದ ದೂರ ಕಡಿಮೆಯಿದ್ದಷ್ಟು ಒಳ್ಳೆಯದು.

ಹ್ವಾಂಗೆಗೆ ರಸ್ತೆಯ ಬದಲು ಸಣ್ಣ ವಿಮಾನವನ್ನೇ ಆರಿಸಿಕೊಳ್ಳಿ. ಕಲ್ಲಿದ್ದಲಿನ ಲಾರಿಗಳು ಓಡಾಡಿ ಆ ಹೆದ್ದಾರಿ ಬಹಳ ಕೆಟ್ಟಿತ್ತು, ಅತ್ತೆಯವರ ಬೆನ್ನಿಗೆ ಆ ದಾರಿ ನೋವುಂಟುಮಾಡಿತು. ವಿಮಾನದಲ್ಲಿ ಸಾಮಾನಿನ ಮಿತಿ ಕಟ್ಟುನಿಟ್ಟು: ಕೈಚೀಲವೂ ಸೇರಿ ಒಬ್ಬರಿಗೆ 15ರಿಂದ 20 ಕಿಲೋ, ಅದೂ ಚಕ್ರವಿಲ್ಲದ ಮೆತ್ತನೆಯ ಚೀಲದಲ್ಲಿ. ವಿಮಾನದ ಹೊಟ್ಟೆಯ ಪುಟ್ಟ ಗೂಡಿಗೆ ಗಟ್ಟಿ ಪೆಟ್ಟಿಗೆ ತೂರುವುದಿಲ್ಲ. ಹೊರಡುವ ಮುನ್ನ ಇದನ್ನು ನಮಗೆ ಯಾರೂ ಹೇಳಿರಲಿಲ್ಲ, ನಿಲ್ದಾಣದ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಔಷಧಿ, ಸ್ವೆಟರುಗಳನ್ನು ಬಟ್ಟೆಯ ಚೀಲಕ್ಕೆ ತುಂಬಿಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟು ಹೋದೆವು.

ಸ್ವೆಟರ್ ಎಂದದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜುಲೈನಲ್ಲಿ ಹ್ವಾಂಗೆಯ ಮುಂಜಾವು ಹಿಮ ಬೀಳುವಷ್ಟು ತಣ್ಣಗಾಗಬಲ್ಲದು. ತೆರೆದ ವಾಹನ ಓಡುವಾಗ ಆ ಗಾಳಿ ಮಂಡಿಗೆ ನೇರವಾಗಿ ಹೊಡೆಯುತ್ತದೆ. ಕ್ಯಾಂಪಿನವರು ಕಂಬಳಿ, ಬಿಸಿನೀರಿನ ಚೀಲ ಕೊಡುತ್ತಾರೆ, ಆದರೂ ಉಣ್ಣೆಯ ಟೋಪಿ, ಕೈಗವಸು, ಮಂಡಿಗೆ ಬೆಚ್ಚನೆಯ ಪಟ್ಟಿ ನಿಮ್ಮ ಬಳಿ ಇರಲಿ. ಸೈನಿಕರ ಸಮವಸ್ತ್ರದಂಥ ಚಿತ್ತಾರದ ಬಟ್ಟೆಗಳನ್ನು ಮಾತ್ರ ಒಯ್ಯಬೇಡಿ, ಜಿಂಬಾಬ್ವೆಯಲ್ಲಿ ನಾಗರಿಕರು ಅವನ್ನು ತೊಡುವುದು ಕಾನೂನುಬಾಹಿರ.

ಇಡೀ ಪ್ರದೇಶ ಮಲೇರಿಯಾ ವಲಯವೇ. ಚಳಿಯ ತಿಂಗಳುಗಳಲ್ಲಿ ಸೊಳ್ಳೆ ಕಡಿಮೆಯಿದ್ದರೂ ಇಲ್ಲದೇ ಇರುವುದಿಲ್ಲ. ಹೊರಡುವ ಆರು ವಾರ ಮೊದಲೇ ತಾಯಿಯವರು ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿಯೊಂದಿಗೆ ವೈದ್ಯರನ್ನು ಕಂಡು, ಅವುಗಳಿಗೆ ಹೊಂದುವ ಮುಂಜಾಗ್ರತಾ ಮಾತ್ರೆ ಬರೆಸಿಕೊಳ್ಳಿ. ಹಳದಿ ಜ್ವರವಿರುವ ದೇಶದ ವಿಮಾನ ನಿಲ್ದಾಣದಲ್ಲಿ ಹನ್ನೆರಡು ಗಂಟೆಗೂ ಹೆಚ್ಚು ಕಾಯುವಂತಿದ್ದರೆ ಲಸಿಕೆಯ ಪ್ರಮಾಣಪತ್ರ ಕೇಳಬಹುದು, ಟಿಕೆಟ್ ಕೊಳ್ಳುವಾಗಲೇ ಅದನ್ನು ಗಮನಿಸಿ. ಕಾಡಿನಿಂದ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ವೆಚ್ಚವನ್ನು ಭರಿಸುವ ವಿಮೆಯಿಲ್ಲದೆ ಹಿರಿಯರನ್ನು ಕರೆದುಕೊಂಡು ಹೊರಡಲೇಬೇಡಿ.

ಹೆಲಿಕಾಪ್ಟರ್ ಸವಾರಿ ಖಂಡಿತ ಮಾಡಿಸಿ. ಹದಿನೈದು ನಿಮಿಷದ ಒಳಗೇ ಮುಗಿಯುವ ಚಿಕ್ಕ ಹಾರಾಟ ಸಾಕು. ನೆಲದ ಮೇಲೆ ನಿಂತಾಗ ತಿಳಿಯದ ಒಂದು ಸಂಗತಿ ಮೇಲಿನಿಂದ ತಿಳಿಯುತ್ತದೆ. ಜಲಪಾತದ ಕೆಳಗೆ ನದಿ ಅಂಕುಡೊಂಕಾದ ಕಮರಿಗಳ ಸಾಲಿನಲ್ಲಿ ಹೋಗುತ್ತದಲ್ಲ, ಅವುಗಳಲ್ಲಿ ಒಂದೊಂದೂ ಒಂದು ಕಾಲದಲ್ಲಿ ಜಲಪಾತವೇ ಆಗಿತ್ತು. ಕಪ್ಪುಶಿಲೆಯ ಬಿರುಕುಗಳನ್ನು ಕೊರೆಯುತ್ತ ನದಿ ತನ್ನ ಧುಮುಕುವ ಜಾಗವನ್ನು ಹಿಂದಕ್ಕೆ ಹಿಂದಕ್ಕೆ ಸರಿಸಿಕೊಂಡು ಬಂದಿದೆ. ಅತ್ತೆಯವರು ಕಿಟಕಿಗೆ ಹಣೆಯೊತ್ತಿ ಆ ಕಮರಿಗಳನ್ನು ಬೆರಳಿನಿಂದ ಎಣಿಸುತ್ತ ಕುಳಿತಿದ್ದರು.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರ ಸಲಹೆಗಳನ್ನು ಸೇರಿಸಿ ಯೋಜನೆಯನ್ನು ಹೊಸದಾಗಿ ಬರೆದುಕೊಂಡಿದ್ದೇವೆ. ಕಸಾನೆಗೆ ವಿಮಾನದಲ್ಲಿ ಬಂದು ಚೋಬೆಯ ನದಿತೀರದಲ್ಲಿ ಎರಡು ರಾತ್ರಿ. ಅಲ್ಲಿಂದ ಗಡಿ ದಾಟಿ ವಿಕ್ಟೋರಿಯಾ ಫಾಲ್ಸ್ ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲಿ ಹೋಗಿ, ಸಣ್ಣ ವಿಮಾನದಲ್ಲಿ ಹ್ವಾಂಗೆಗೆ. ಅಲ್ಲಿ ಒಂದೇ ಕ್ಯಾಂಪಿನಲ್ಲಿ ನಾಲ್ಕು ರಾತ್ರಿ, ಪ್ರತ್ಯೇಕ ವಾಹನದೊಂದಿಗೆ. ಕೊನೆಯ ನಾಲ್ಕು ರಾತ್ರಿ ಜಲಪಾತದ ಬಳಿ ಜಿಂಬಾಬ್ವೆಯ ದಡದಲ್ಲಿ, ಅದರಲ್ಲಿ ಒಂದು ಹಗಲು ಜಾಂಬಿಯಾಕ್ಕೆ. ಬೆಳಗಿನ ಜಾವದ ಸಫಾರಿಗಳೆಲ್ಲ ಮುಗಿದ ಮೇಲೆ ನಿಧಾನವಾಗಿ ಏಳಬಹುದಾದ ದಿನಗಳು ಕೊನೆಯಲ್ಲಿರುವುದು ತಾಯಿಯವರಿಗೆ ಬಹಳ ಹಿಡಿಸಿತು. ಆ ನಾಲ್ಕು ರಾತ್ರಿಗಳಲ್ಲಿ ಹುಣ್ಣಿಮೆ ಬರುವಂತೆ ದಿನಾಂಕವನ್ನು ಹಿಂದಿನಿಂದ ಲೆಕ್ಕ ಹಾಕಿ ನಿಗದಿಪಡಿಸಿದ್ದೇವೆ.

ಪ್ರವಾಸ ಸಂಸ್ಥೆಯವರಿಗೆ ಹಳೆಯ ಯೋಜನೆ ಬೇಡವೆಂದು ತಿಳಿಸಿ, ಗೈಡ್‌ನ ಪರವಾನಗಿ ಮತ್ತು ವಾಹನದ ಮೆಟ್ಟಿಲಿನ ಎತ್ತರ ಎರಡನ್ನೂ ಲಿಖಿತವಾಗಿ ಕೇಳಿದ್ದೇನೆ.

ಉತ್ತರ 1

ಬಹಳ ಸಂತೋಷ ಮೇಡಂ, ಈ ಕ್ರಮ ಚೆನ್ನಾಗಿ ಹೊಂದಿಕೊಂಡಿದೆ. ಚೋಬೆಯಿಂದ ಹ್ವಾಂಗೆಗೆ ಹೋಗುವ ದಿನ ಮಾತ್ರ ಗಡಿಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲೇ ಹೇಳಲಾಗುವುದಿಲ್ಲ. ಆದ್ದರಿಂದ ಸಣ್ಣ ವಿಮಾನವನ್ನು ಮಧ್ಯಾಹ್ನದ ನಂತರಕ್ಕೆ ಇರಿಸಿಕೊಂಡು ಬೆಳಗ್ಗೆ ಬೇಗ ಕಸಾನೆಯಿಂದ ಹೊರಡಿ. ಜಲಪಾತಕ್ಕೆ ಹೋಗುವಾಗ ಪಾಸ್‌ಪೋರ್ಟನ್ನು ಕೋಣೆಯ ಲಾಕರಿನಲ್ಲಿಡಿ, ಸೇತುವೆ ದಾಟುವ ದಿನವಾದರೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ.